ಮುಕ್ಕು ಬೆಟ್ಟ

ಗೊರೊಕಾ ಎಂಬ ಗುಡ್ಡಗಾಡಿನ ಊರಿನ ಕ್ಲಿನಿಕ್ಕಿಗೆ ಬರುವವರಲ್ಲಿ ಅರ್ಧ ಜನ ಕಾಯಿಲೆಗೆ ಹೆದರಿ ಮಾತ್ರೆ ನುಂಗುತ್ತಿದ್ದರೆ, ಇನ್ನರ್ಧ ಜನ ಕೆಪ್ಸಿಯ ಬಾಯಿಗೆ ಹೆದರಿ ನುಂಗುತ್ತಿದ್ದರು. ಜಗಲಿಯಲ್ಲಿ, ಬಾಗಿಲ ಪಕ್ಕಕ್ಕೆ, ಅವಳದೇ ಒಂದು ಬೆಂಚು. ಬೆಳಿಗ್ಗೆ ಎಂಟಕ್ಕೆ ಬಂದು ಕೂತು, ತೊಡೆಯ ಮೇಲೆ ಅರ್ಧ ಹೆಣೆದ ಬಿಲುಮ್ ಚೀಲ ಹರಡಿಕೊಂಡು, ಕೊಡೆಯ ಕಡ್ಡಿಯಿಂದ ಮಾಡಿದ ಸೂಜಿಯಲ್ಲಿ ದಾರ ಎಳೆಯುತ್ತಾ, ಒಳಗೆ ಹೋಗುವ ಪ್ರತಿಯೊಬ್ಬರ ಮುಖವನ್ನೂ ಓದುತ್ತಿದ್ದಳು. ಎಚ್‌ಐವಿ ಇದೆಯೆಂದು ಹೊಸದಾಗಿ ಗೊತ್ತಾಗಿ ಅಳುತ್ತಾ ಬಂದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸುಟ್ಟ ಗೆಣಸು ತಿನ್ನಿಸುವವಳೂ ಅವಳೇ, ಮಾತ್ರೆ ತಪ್ಪಿಸಿದವರ ಬೆವರಿಳಿಸುವವಳೂ ಅವಳೇ. ಮಧ್ಯಾಹ್ನದ ಮೇಲೆ ಮಾರ್ಕೆಟ್ಟಿಗೆ ಹೋಗಿ, ಬೇಲಿಗೆ ಚೀಲಗಳನ್ನು ತೂಗುಹಾಕಿ ಮಾರುತ್ತಿದ್ದಳು.

ಹೀಗೆ ಬಯ್ಯುವ ಅಧಿಕಾರ ಅವಳಿಗೆ ಪುಕ್ಕಟೆ ಸಿಕ್ಕಿದ್ದಲ್ಲ. ಹದಿನೆಂಟು ವರ್ಷಗಳ ಹಿಂದೆ, ಗಂಡನನ್ನು ಮಣ್ಣು ಮಾಡಿ ಬಂದ ತಿಂಗಳಲ್ಲೇ ಅವಳೂ ಹಾಸಿಗೆ ಹಿಡಿದಿದ್ದಳು. ಅವಳ ಹಂದಿಗಳು ಯಾರ ಪಾಲಿಗೆ ಎಂದು ನೆಂಟರು ಅವಳೆದುರಿಗೇ ಮಾತಾಡಿ ಮುಗಿಸಿದ್ದರು. ಅಷ್ಟರಲ್ಲಿ ಮಾತ್ರೆ ಬಂತು. ಕೆಪ್ಸಿ ಎದ್ದು ಕೂತಳು, ಆಮೇಲೆ ಎದ್ದು ನಿಂತಳು, ಆಮೇಲೆ ಒಂದೊಂದೇ ಮನೆಗೆ ಹೋಗಿ ಹಂದಿಗಳನ್ನು ವಾಪಸು ಹೊಡೆದುಕೊಂಡು ಬಂದಳು. ಅಂದಿನಿಂದ ಒಂದೇ ಒಂದು ದಿನ ಮಾತ್ರೆ ತಪ್ಪಿಸಿದ್ದಳು, ಅದೂ ಗುಡ್ಡ ಕುಸಿದು ಬಸ್ಸು ದಾರಿಯಲ್ಲೇ ನಿಂತ ದಿನ. ರಕ್ತದಲ್ಲಿ ವೈರಸ್ ಎಷ್ಟಿದೆಯೆಂದು ಎಣಿಸುವ ಯಂತ್ರ ಊರಿಗೆ ಬಂದಮೇಲೆ ವರ್ಷ ವರ್ಷವೂ ಅವಳ ಚೀಟಿಯಲ್ಲಿ ‘ಪತ್ತೆಯಾಗಿಲ್ಲ’ ಎಂದೇ ಬರುತ್ತಿತ್ತು. ಆ ಚೀಟಿಗಳನ್ನೆಲ್ಲ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು, ಮಕ್ಕಳ ಅಂಕಪಟ್ಟಿ ತೋರಿಸುವವರ ಹಾಗೆ ಕೇಳಿದವರಿಗೂ ಕೇಳದವರಿಗೂ ತೋರಿಸುತ್ತಿದ್ದಳು. ರಕ್ತ ಚೊಕ್ಕಟವಾಗಿರುವವರು ಮಾತ್ರ ಬೆಂಚಿನ ಮೇಲೆ ಕೂತು ಬುದ್ಧಿ ಹೇಳಬೇಕು ಎಂಬ ನಿಯಮವನ್ನು ಕ್ಲಿನಿಕ್ಕಿನಲ್ಲಿ ಹಟ ಹಿಡಿದು ಮಾಡಿಸಿದವಳೂ ಅವಳೇ.

ಅವಳ ಬಾಯಿಗೆ ಅತಿ ಹೆಚ್ಚು ಸಿಕ್ಕಿಬಿದ್ದವನು ಔಕೆ. ಅರವತ್ತು ದಾಟಿದ ಮನುಷ್ಯ, ಹೆಂಡತಿ ಇಲ್ಲ, ಮಾರ್ಕೆಟ್ಟಿನಲ್ಲಿ ಕೆಪ್ಸಿಯ ಪಕ್ಕದಲ್ಲೇ ಕೂತು ಕಡಲೆಕಾಯಿ ಮಾರುತ್ತಿದ್ದ. ಮಾತ್ರೆಯನ್ನು ಗೆಣಸಿನೊಳಗೆ ತುರುಕಿ ಹಂದಿಗೆ ತಿನ್ನಿಸುತ್ತಾನೆಂಬ ಸುದ್ದಿಯನ್ನು ಕೆಪ್ಸಿ ಐದು ವರ್ಷಗಳ ಹಿಂದೆ ಪತ್ತೆಹಚ್ಚಿದ್ದಳು. ಅಂದಿನಿಂದ ಅವನು ಜಗಲಿ ಹತ್ತಿದರೆ ಸಾಕು, “ಏನಣ್ಣ, ಹಂದಿ ಹುಷಾರಾಗಿದೆಯಾ?” ಎಂದು ಕೇಳುವುದು, ಸಾಲಿನಲ್ಲಿ ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುವುದು. ಎರಡು ವರ್ಷಗಳ ಹಿಂದೆ ಒಮ್ಮೆ ಅವನ ಚೀಟಿಯಲ್ಲಿ ತೊಂಬತ್ತು ಎಂದು ಬಂದಿತ್ತು. ಸತ್ತ ಹೆಂಡತಿಯ ಮೇಲೆ ಆಣೆ ಮಾಡಿ, ಒಂದು ದಿನವೂ ಬಿಟ್ಟಿಲ್ಲ ಎಂದಿದ್ದ ಔಕೆ. ಕೆಪ್ಸಿ ಸೂಜಿ ಎತ್ತಿ ತೋರಿಸಿ, “ಯಂತ್ರಕ್ಕೆ ಸುಳ್ಳು ಹೇಳೋಕೆ ಬರಲ್ಲ ಅಣ್ಣ, ನಿಂಗೆ ಬರುತ್ತೆ” ಎಂದುಬಿಟ್ಟಿದ್ದಳು. ಅವತ್ತು ಅವನು ಚೀಟಿ ಮಡಚಿಕೊಂಡು ಜಗಲಿ ಇಳಿದು ಹೋಗಿದ್ದ. ಮುಂದಿನ ಸಲ ಅವನ ಚೀಟಿ ಮತ್ತೆ ಚೊಕ್ಕಟವಾಗಿ ಬಂದಾಗ ಅದು ತನ್ನ ಬೈಗುಳದ ಫಲವೆಂದು ಕೆಪ್ಸಿ ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಈ ವರ್ಷ ಫೆಬ್ರವರಿಯಲ್ಲಿ ಕೆಪ್ಸಿಯ ಚೀಟಿಯಲ್ಲೇ ನೂರ ಮೂವತ್ತು ಎಂದು ಬಂತು.

ಯಂತ್ರದ ತಲೆ ಕೆಟ್ಟಿರಬೇಕು ಎಂದು ಕೆಪ್ಸಿ ನಕ್ಕಳು. ಮತ್ತೆ ರಕ್ತ ಕೊಟ್ಟಳು, ನೂರ ಅರವತ್ತು ಬಂತು. ಆಗ ನಗಲಿಲ್ಲ. ನರ್ಸು ರೆಲ್ವಿ ಅವಳನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡಳು. ರೆಲ್ವಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ರೋಗಿಗಳ ಜೊತೆ ಹೇಗೆ ಮಾತಾಡಬೇಕೆಂದು ಕಲಿಸಿದ್ದೇ ಕೆಪ್ಸಿ.

“ಅಮ್ಮ, ಬೇಜಾರು ಮಾಡ್ಕೋಬೇಡಿ. ಮಾತ್ರೆ ಸರಿಯಾಗಿ ತಗೊಳ್ತಿದೀರಾ?”

“ನನ್ನ ಕೇಳ್ತಿದೀಯಾ ನೀನು?”

“ಎಲ್ಲರನ್ನೂ ಕೇಳ್ಬೇಕಲ್ಲ. ನೀವೇ ಹೇಳ್ಕೊಟ್ಟಿದ್ದು.”

“ತಗೊಂಡಿದೀನಿ. ದಿನಾ ಸಾಯಂಕಾಲ ಐದೂವರೆಗೆ. ಗುಡ್ಡ ಕುಸಿದ ಆ ದಿನ ಬಿಟ್ರೆ ಒಂದು ದಿನ ತಪ್ಪಿಸಿಲ್ಲ.”

ರೆಲ್ವಿ ಚೀಟಿಯನ್ನು ನೋಡಿದಳು, ಕೆಪ್ಸಿಯನ್ನು ನೋಡಿದಳು, ಬಾಯಿ ತೆರೆದು ಮುಚ್ಚಿದಳು. ಅವಳ ನಾಲಿಗೆಯ ತುದಿಗೆ ಬಂದ ಮಾತು ಯಾವುದೆಂದು ಕೆಪ್ಸಿಗೆ ಗೊತ್ತಿತ್ತು, ಯಂತ್ರಕ್ಕೆ ಸುಳ್ಳು ಬರಲ್ಲ ಎಂಬ ಆ ಮಾತು ತನ್ನದೇ ಆಗಿತ್ತಲ್ಲ.

“ಮೂರು ತಿಂಗಳು ಒಬ್ಬರ ಕಣ್ಣೆದುರಿಗೆ ನುಂಗಿ ಅಮ್ಮ. ಮನೆಯವರು ಬೇಡ, ಹೊರಗಿನವರು ಬೇಕು. ಅವರು ದಿನಾ ಪುಸ್ತಕದಲ್ಲಿ ಗುರುತು ಹಾಕ್ತಾರೆ. ಆಮೇಲೂ ಹೀಗೇ ಬಂದ್ರೆ ಡಾಕ್ಟರು ಮಾತ್ರೆ ಬದಲಾಯಿಸ್ತಾರೆ. ಆಗ ಬೆಂಚೂ ಬಿಡ್ಬೇಕಾಗುತ್ತೆ…” ರೆಲ್ವಿ ತಲೆ ತಗ್ಗಿಸಿದಳು. “ನಿಯಮ ನಿಮ್ಮದೇ.”

“ಕಾವಲಿಗೆ ಯಾರು?”

“ಮಾರ್ಕೆಟ್ಟಲ್ಲಿ ನಿಮ್ಮ ಪಕ್ಕದಲ್ಲಿ ಕೂರೋದು ಔಕೆ ಅಣ್ಣ ಅಲ್ವಾ?”

ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು ಕೆಪ್ಸಿಗೆ.

ಔಕೆಯ ಸಂಭ್ರಮ ಕೇಳಬೇಕೆ? ಮೊದಲ ದಿನವೇ ಗಡ್ಡ ಬೋಳಿಸಿಕೊಂಡು ಬಂದ. ಅಂಗಡಿಯ ರೇಡಿಯೋದಲ್ಲಿ ಐದೂವರೆ ಹೊಡೆಯುತ್ತಿದ್ದಂತೆ ಕಡಲೆಕಾಯಿ ಗುಡ್ಡೆಯ ಹಿಂದಿನಿಂದ ಎದ್ದು, ಅಂಗಿಯ ಗುಂಡಿ ಸರಿಮಾಡಿಕೊಂಡು, ಅವಳ ಮುಂದೆ ಬಂದು ನಿಂತ. ಅಕ್ಕಪಕ್ಕದ ಹೆಂಗಸರೆಲ್ಲ ಹೆಣಿಗೆ ನಿಲ್ಲಿಸಿ ನೋಡಿದರು. ಕೆಪ್ಸಿ ತನ್ನ ಕಾಯಿಲೆಯನ್ನು ಬಚ್ಚಿಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿದ್ದರಿಂದ ಅವರಿಗೆ ಇದು ಬಿಟ್ಟಿ ಸಿಕ್ಕ ನಾಟಕ.

“ನುಂಗು.”

ನುಂಗಿದಳು.

“ಬಾಯಿ ತೆಗಿ. ನಾಲಿಗೆ ಎತ್ತು. ಬಲಗಡೆ ದವಡೆ ತೋರ್ಸು. ಈಗ ಎಡಗಡೆ.” ಎಲ್ಲವೂ ಅವಳು ಅವನಿಗೆ ಹೇಳುತ್ತಿದ್ದ ಮಾತುಗಳೇ, ಒಂದಕ್ಷರ ಆಚೆಈಚೆ ಇಲ್ಲ. ಕೊನೆಗೆ ಅಡಿಕೆ ಜಗಿದು ಕೆಂಪಾದ ಬಾಯನ್ನು ಅಗಲಿಸಿ, “ಏನು ತಂಗಿ, ಹಂದಿ ಹುಷಾರಾಗಿದೆಯಾ?” ಎಂದ.

ಬೇಲಿಯುದ್ದಕ್ಕೂ ನಗು ಹರಿಯಿತು. ಕೆಪ್ಸಿಗೂ ನಗು ಬಂತು, ಆದರೆ ಅದನ್ನು ಅವನಿಗೆ ತೋರಿಸುವಷ್ಟು ಉದಾರಿ ಅವಳಲ್ಲ. “ನಿನ್ ಬಾಯಿ ಮುಚ್ಚು ಅಣ್ಣ, ಗಿರಾಕಿ ಓಡಿಹೋಗ್ತಾರೆ” ಎಂದಳು.

ನಗುವುದೇನೋ ಸರಿ. ಆದರೆ ಮನೆಗೆ ಹೋಗುವ ಬಸ್ಸಿನಲ್ಲಿ ಅವಳು ಯಾರ ಮುಖವನ್ನೂ ನೋಡದೆ ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದಳು. ಕಾಯಿಲೆ ಇದೆಯೆಂದು ಹೇಳಿದ ದಿನವೂ ಇಷ್ಟು ನೋವಾಗಿರಲಿಲ್ಲ. ಅಂದು ಅವಳ ರಕ್ತ ಕೆಟ್ಟಿತ್ತು, ಇಂದು ಅವಳ ಮಾತು ಕೆಟ್ಟಿತ್ತು. ತಾನು ಸತ್ಯ ಹೇಳುತ್ತಿದ್ದೇನೆ ಎಂದು ಈ ಊರಿನಲ್ಲಿ ಒಬ್ಬರಾದರೂ ನಂಬಬೇಕು ಎಂಬುದೊಂದೇ ಅವಳ ಆಸೆಯಾಯಿತು. ಕೆಲವು ಸಲ ಅವಳಿಗೇ ಅವಳ ಮೇಲೆ ಅನುಮಾನ ಬಂದು, ಡಬ್ಬಿಯನ್ನು ಚಾಪೆಯ ಮೇಲೆ ಸುರಿದು ಉಳಿದ ಮಾತ್ರೆಗಳನ್ನು ಎರಡೆರಡು ಸಲ ಎಣಿಸುತ್ತಿದ್ದಳು. ಲೆಕ್ಕ ಪ್ರತಿ ಸಲವೂ ಸರಿಯಾಗಿಯೇ ಇರುತ್ತಿತ್ತು.

ಮಾರ್ಕೆಟ್ಟಿನ ಬೇಲಿಯ ಮೇಲೆ ಅವಳಿಗೆ ಮಾತ್ರ ಗೊತ್ತಿದ್ದ ಇನ್ನೊಂದು ಗುಟ್ಟು ತೂಗಾಡುತ್ತಿತ್ತು. ಹಾಸಿಗೆ ಹಿಡಿದಿದ್ದ ಆ ವರ್ಷ, ಜ್ವರದಲ್ಲೇ ಅವಳು ಒಂದು ಬಿಲುಮ್ ಹೆಣೆದಿದ್ದಳು. ಸಾಲಾಗಿ ಐದು ಬೆಟ್ಟಗಳ ಚಿತ್ರ. ಕಣ್ಣು ಮಂಜಾಗಿ ಕುಣಿಕೆಗಳ ಎಣಿಕೆ ತಪ್ಪಿ, ಮೂರನೆಯ ಬೆಟ್ಟದ ತುದಿ ಎರಡು ಕುಣಿಕೆ ಮೊದಲೇ ಮುಗಿದು ಮುಕ್ಕಾಗಿಬಿಟ್ಟಿತ್ತು. ಅದನ್ನು ಅಸಾರೊ ಕಡೆಯ ಹೆಂಗಸೊಬ್ಬಳು ಕೊಂಡುಹೋದಳು. ಇಲ್ಲಿನ ಹೆಂಗಸರು ಹೊಸ ಚಿತ್ರ ಕಲಿಯುವುದೆಂದರೆ ಮಾದರಿ ಚೀಲವನ್ನು ಮಡಿಲಲ್ಲಿ ಹರಡಿಕೊಂಡು, ಕುಣಿಕೆ ಕುಣಿಕೆಯನ್ನೂ ಎಣಿಸಿ ಹಾಗೇ ಇಳಿಸುವುದು. ಆ ಹೆಂಗಸು ಮುಕ್ಕನ್ನೂ ಎಣಿಸಿ ಇಳಿಸಿದಳು. ಅವಳಿಂದ ಅವಳ ಹೆಣ್ಣುಮಕ್ಕಳು, ಅವರಿಂದ ಅವರ ಓರಗಿತ್ತಿಯರು. ಈಗ ಬೇಲಿಯ ಮೇಲೆ ಮೂರನೆಯ ಬೆಟ್ಟ ಮುಕ್ಕಾದ ಚೀಲ ಇಪ್ಪತ್ತಾದರೂ ಇರುತ್ತಿದ್ದವು. ಅದು ಮೋಡ ಕವಿದ ಬೆಟ್ಟವೆಂದು ಹೇಳಿ ಪ್ರವಾಸಿಗರಿಗೆ ಹತ್ತು ಕಿನ ಜಾಸ್ತಿಗೆ ಮಾರುವ ಘಾಟಿಯರೂ ಇದ್ದರು. ಕೆಪ್ಸಿ ತುಟಿ ಪಿಟಕ್ಕೆನ್ನಲಿಲ್ಲ. ದೂರದಿಂದ ನೋಡಿದರೂ ಸಾಕು, ಇದು ನನ್ನ ಆ ಜ್ವರದ ಚೀಲದ ಮೊಮ್ಮಗಳು ಎಂದು ಅವಳಿಗೆ ತಿಳಿಯುತ್ತಿತ್ತು.

ಮೂರು ತಿಂಗಳು ಕಳೆದವು. ರಕ್ತ ಕೊಟ್ಟಳು. ನೂರ ತೊಂಬತ್ತು.

ರೆಲ್ವಿ ಏನೂ ಹೇಳುವ ಮೊದಲೇ ಕೆಪ್ಸಿ ಬೆಂಚಿನಿಂದ ಎದ್ದಳು. ದಾರದುಂಡೆ, ಸೂಜಿ, ಅರ್ಧ ಚೀಲ ಎಲ್ಲವನ್ನೂ ಬಾಚಿಕೊಂಡು ರೋಗಿಗಳ ಸಾಲಿನ ಕೊನೆಗೆ ಹೋಗಿ ಕೂತಳು. ಸಾಲಿನಲ್ಲಿದ್ದವರು ಯಾರೂ ನಗಲಿಲ್ಲ. ನಕ್ಕಿದ್ದರೆ ಅವಳಿಗೆ ಒಂದಿಷ್ಟು ಹಗುರವಾಗುತ್ತಿತ್ತು.

ಸುದ್ದಿ ಮಾರ್ಕೆಟ್ಟಿಗೆ ಮುಟ್ಟಿ ಅರ್ಧ ಗಂಟೆಯೊಳಗೆ ಔಕೆ ಕಡಲೆಕಾಯಿಯನ್ನು ಯಾರಿಗೋ ಒಪ್ಪಿಸಿ, ಕಾವಲಿನ ಪುಸ್ತಕವನ್ನು ಕಂಕುಳಲ್ಲಿ ಅವುಚಿಕೊಂಡು ಜಗಲಿ ಹತ್ತಿದ. ಲೇ ಪಟ್ಟಣದಿಂದ ಮೂರು ತಿಂಗಳಿಗೊಮ್ಮೆ ಬರುವ ಡಾಕ್ಟರ್ ವೈನೆ ಅವತ್ತು ಒಳಗಿದ್ದರು. ಔಕೆ ಸಾಲನ್ನು ದಾಟಿ ನೇರವಾಗಿ ಒಳಗೆ ನುಗ್ಗಿ ಪುಸ್ತಕವನ್ನು ಮೇಜಿನ ಮೇಲೆ ಬಡಿದ.

“ಡಾಕ್ಟ್ರೇ, ತೊಂಬತ್ತೊಂದು ದಿನ. ತೊಂಬತ್ತೊಂದು ಗುರುತು. ಇವಳು ನುಂಗಿದ್ದು ನಾನು ನೋಡಿದೀನಿ.”

“ಸಮಾಧಾನ ಅಣ್ಣ,” ಎಂದಳು ರೆಲ್ವಿ.

“ಇವಳ ಬಾಯೊಳಗೆ ಹಲ್ಲೆಷ್ಟು ಅಂತ ಕೇಳು. ಇಪ್ಪತ್ತಾರು. ಎಡಗಡೆ ಹಿಂದಿನದು ಹುಳುಕು. ನನ್ನ ಹೆಂಡ್ತಿ ಬಾಯೊಳಗೂ ನಾನು ಇಷ್ಟು ಇಣುಕಿರಲಿಲ್ಲ.” ಹೊರಗೆ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಔಕೆ ಅತ್ತ ತಿರುಗಿಯೂ ನೋಡಲಿಲ್ಲ. “ನನ್ನ ಕಂಡ್ರೆ ಇವಳಿಗಾಗಲ್ಲ, ಇವಳ ಕಂಡ್ರೆ ನಂಗಾಗಲ್ಲ. ಇವಳ ಪರವಾಗಿ ನಾನ್ಯಾಕೆ ಸುಳ್ಳು ಹೇಳ್ಲಿ? ಒಂದೋ ನನ್ನ ಕಣ್ಣು ಕೆಟ್ಟಿದೆ, ಇಲ್ಲಾ ನಿಮ್ಮ ಲೆಕ್ಕ ಕೆಟ್ಟಿದೆ.”

ಸಾಲಿನ ಕೊನೆಯಲ್ಲಿ ಕೂತಿದ್ದ ಕೆಪ್ಸಿಗೆ ಇದೆಲ್ಲ ಕೇಳಿಸಿತು. ಕಣ್ಣಲ್ಲಿ ನೀರು ತುಂಬಿ ಕುಣಿಕೆಗಳು ಕಾಣದಾದವು. ಸೂಜಿಯನ್ನು ಕೆಳಗಿಟ್ಟಳು.

ಡಾಕ್ಟರ್ ವೈನೆ ಆತುರದ ಮನುಷ್ಯರಲ್ಲ. ಪುಸ್ತಕದ ಹಾಳೆಗಳನ್ನು ಮೊದಲಿಂದ ಕೊನೆಯವರೆಗೆ ತಿರುವಿ, ಮಾತ್ರೆ ಸದ್ಯಕ್ಕೆ ಬದಲಾಯಿಸುವುದು ಬೇಡ ಎಂದರು. ಆಸ್ಟ್ರೇಲಿಯಾದ ಒಂದು ಲ್ಯಾಬಿನಲ್ಲಿ, ಮಾತ್ರೆ ಶುರುವಾಗುವ ಮೊದಲು ಕೆಪ್ಸಿ ಕೊಟ್ಟಿದ್ದ ರಕ್ತ ಇನ್ನೂ ಮಂಜುಗಟ್ಟಿಸಿ ಇಟ್ಟಿದ್ದರಂತೆ. ಈಗಿನ ರಕ್ತವನ್ನೂ ಅಲ್ಲಿಗೇ ಕಳಿಸಿ ಎರಡನ್ನೂ ಹೋಲಿಸಿ ನೋಡೋಣ ಎಂದರು. ಅಲ್ಲಿಯವರೆಗೆ ಬೆಂಚು ಖಾಲಿ ಇರಲಿ ಎಂದಳು ರೆಲ್ವಿ.

ಬೆಂಚು ಖಾಲಿಯೇನೂ ಇರಲಿಲ್ಲ. ಮರುದಿನದಿಂದ ಔಕೆ ಬೆಳಗ್ಗೆ ಬಂದು ಅದರ ಮೇಲೆ ಕಾಲು ಚಾಚಿ ಕೂರತೊಡಗಿದ. ಬುದ್ಧಿಮಾತು ಹೇಳಲು ಅವನಿಗೆ ಬರುತ್ತಿರಲಿಲ್ಲ, ಅಡಿಕೆ ಜಗಿಯಲು ಬರುತ್ತಿತ್ತು. ಯಾರಾದರೂ ಅಲ್ಲಿ ಕೂರಲು ಬಂದರೆ, “ಇದು ಕೆಪ್ಸಿ ಜಾಗ, ಆಕಡೆ ಹೋಗು” ಎನ್ನುತ್ತಿದ್ದ. ಮಧ್ಯಾಹ್ನ ಮಾರ್ಕೆಟ್ಟಿಗೆ ಬಂದು, ಐದೂವರೆಗೆ ಮಾಮೂಲಿನಂತೆ ಅವಳೆದುರು ನಿಂತು, “ಬಾಯಿ ತೆಗಿ” ಎನ್ನುತ್ತಿದ್ದ. ಈಗೀಗ ಅವನೂ ಜೇಬಿನಿಂದ ತನ್ನ ಮಾತ್ರೆ ತೆಗೆದು ಅವಳ ಜೊತೆಗೇ ನುಂಗುತ್ತಿದ್ದ. ಕಾವಲು ಕಾಯುವವನ ಬಾಯಿಯನ್ನೂ ಕಾಯಬೇಕಲ್ಲ ಎಂದು ಕೆಪ್ಸಿ ಅವನ ಬಾಯಿಯೊಳಗೂ ಇಣುಕಿದಳು. “ಅಯ್ಯೋ ಅಣ್ಣ, ಒಳಗೆ ಏನೂ ಕಾಣಲ್ಲ, ಬರೀ ಕೆಂಪು ಗುಹೆ” ಎಂದಳು.

ನಾಲ್ಕು ತಿಂಗಳಾದ ಮೇಲೆ ಡಾಕ್ಟರ್ ವೈನೆ ಒಂದು ದೊಡ್ಡ ಹಾಳೆ ಹಿಡಿದುಕೊಂಡು ಬಂದರು. ರೆಲ್ವಿ, ಕೆಪ್ಸಿ, ಯಾರೂ ಕರೆಯದೆ ಒಳಬಂದ ಔಕೆ, ಮೂವರೂ ಮೇಜಿನ ಸುತ್ತ ನಿಂತರು.

“ಈ ಒಂದೊಂದು ಗೆರೇನೂ ಒಂದೊಂದು ವೈರಸ್ ಅಂದ್ಕೊಳ್ಳಿ,” ಎಂದರು ಡಾಕ್ಟರು. “ಮೇಲಿರೋವು ಹದಿನೆಂಟು ವರ್ಷದ ಹಿಂದಿನವು. ಕೆಳಗಿರೋ ಇಪ್ಪತ್ತು ಈಗಿನವು. ಬಣ್ಣದ ಚುಕ್ಕೆ ಇದೆಯಲ್ಲ, ಅದು ಒಂದಕ್ಕೂ ಇನ್ನೊಂದಕ್ಕೂ ಇರೋ ವ್ಯತ್ಯಾಸ.”

ರೆಲ್ವಿ ಹುಬ್ಬು ಗಂಟಿಕ್ಕಿ ನೋಡಿದಳು. ಅವಳಿಗೆ ಚುಕ್ಕೆಗಳ ಸಂತೆ ಬಿಟ್ಟರೆ ಬೇರೇನೂ ಕಾಣಲಿಲ್ಲ. ಕೆಪ್ಸಿ ಮಾತ್ರ ಬಗ್ಗಿದವಳು ಬಗ್ಗಿದಂತೆಯೇ ನಿಂತಳು. ಮೇಲಿನ ಗೆರೆಗಳಲ್ಲಿ ಚುಕ್ಕೆಗಳು ಮನಸ್ಸಿಗೆ ಬಂದಂತೆ ಚೆಲ್ಲಿದ್ದವು, ಒಂದರಂತೆ ಒಂದಿಲ್ಲ. ಕೆಳಗಿನ ಇಪ್ಪತ್ತು ಗೆರೆಗಳೂ ತದ್ರೂಪ. ಇಪ್ಪತ್ತರಲ್ಲೂ ಒಂದೇ ಜಾಗದಲ್ಲಿ, ಒಂದೇ ಅಳತೆಯ ಒಂದು ತುಂಡು ಖಾಲಿ. ಕೆಪ್ಸಿಯ ಗಂಟಲಿನಿಂದ ಮೊದಲು ಒಂದು ಸದ್ದು ಹೊರಟಿತು. ಆಮೇಲೆ ಅವಳು ಮೇಜು ಹಿಡಿದುಕೊಂಡು ನಗತೊಡಗಿದಳು.

“ಏನಾಯ್ತಮ್ಮ?” ಎಂದಳು ರೆಲ್ವಿ ಗಾಬರಿಯಿಂದ.

“ಮುಕ್ಕು ಬೆಟ್ಟ,” ಎಂದಳು ಕೆಪ್ಸಿ. ಕೊಡೆಯ ಕಡ್ಡಿಯ ಸೂಜಿಯಿಂದ ಆ ಖಾಲಿ ಜಾಗವನ್ನು ಒಂದೊಂದಾಗಿ ಮುಟ್ಟುತ್ತಾ ಬಂದಳು. “ಇದು ಹೊಸದಾಗಿ ಹೆಣೆದಿದ್ದಲ್ಲ ಮಗಳೇ. ಹೊಸದಾಗಿ ಹೆಣೆದಿದ್ರೆ ಮೇಲಿನವುಗಳ ಹಾಗೆ ಒಬ್ಬೊಬ್ಬಳದು ಒಂದೊಂದು ತಪ್ಪು ಇರ್ತಿತ್ತು. ಇವೆಲ್ಲ ಒಂದೇ ಹಳೇ ಚೀಲ ಮಡಿಲಲ್ಲಿ ಇಟ್ಕೊಂಡು ಎಣಿಸಿ ಇಳಿಸಿದ್ದು. ಆ ಮೂಲದ ಚೀಲ ಇಲ್ಲೇ ಎಲ್ಲೋ ಇರ್ಬೇಕು.” ಸೂಜಿ ಮೇಲಿನ ಗೆರೆಗಳ ಮೇಲೆ ಮೆಲ್ಲಗೆ ಹರಿದು, ಆರನೆಯದರ ಮೇಲೆ ನಿಂತಿತು. ಅಲ್ಲೂ ಅದೇ ಜಾಗ ಖಾಲಿ. “ಇಗೋ, ಅಜ್ಜಿ.”

ಡಾಕ್ಟರ್ ವೈನೆ ಕನ್ನಡಕ ತೆಗೆದು ಒರೆಸಿಕೊಂಡರು. “ಇದನ್ನ ವಿವರಿಸಬೇಕು ಅಂತ ನಾನು ದಾರಿಯುದ್ದಕ್ಕೂ ಮಾತು ಜೋಡಿಸ್ಕೊಂಡು ಬಂದಿದ್ದೆ,” ಎಂದರು. “ಸರಿಯಾಗಿ ಹೇಳಿದ್ರಿ. ಮಾತ್ರೆ ವೈರಸ್ಸನ್ನ ಹೊಸ ಜೀವಕೋಶದೊಳಗೆ ಹೋಗೋಕೆ ಬಿಡಲ್ಲ. ಆದ್ರೆ ಮಾತ್ರೆ ಶುರುವಾಗೋಕೆ ಮುಂಚೇನೇ ಒಳಗೆ ಸೇರ್ಕೊಂಡು ಕೂತಿದ್ದನ್ನ ಅದು ಏನೂ ಮಾಡಲ್ಲ. ಅಂಥ ಒಂದು ಜೀವಕೋಶ ಇಷ್ಟು ವರ್ಷದಲ್ಲಿ ಎರಡಾಗಿ, ನಾಲ್ಕಾಗಿ, ದೊಡ್ಡ ವಂಶ ಆಗಿದೆ. ಪ್ರತಿಯೊಂದರಲ್ಲೂ ಅದೇ ಹಳೇ ವೈರಸ್ಸಿನ ನಕಲು. ಯಂತ್ರ ಎಣಿಸ್ತಿರೋದು ಅದನ್ನೇ. ಅದ್ರಲ್ಲಿ ಒಂದು ತುಂಡೇ ಇಲ್ದೆ ಇರೋದ್ರಿಂದ ಅದು ಹೊರಗೆ ಬಂದ್ರೂ ಬೇರೆ ಜೀವಕೋಶದೊಳಗೆ ಹೋಗಿ ಬೆಳೆಯೋ ಶಕ್ತಿ ಅದಕ್ಕಿಲ್ಲ.”

“ಅಂದ್ರೆ ನಾನು ಮಾತ್ರೆ ತಪ್ಪಿಸಿಲ್ಲ,” ಎಂದಳು ಕೆಪ್ಸಿ.

“ತಪ್ಪಿಸಿದ್ರೆ ಹೊಸ ಹೊಸ ತಪ್ಪು ಕಾಣ್ತಿದ್ವು. ಒಂದೂ ಇಲ್ಲ.”

“ಹಾಗಾದ್ರೆ ಮಾತ್ರೆ ಇನ್ಮೇಲೆ ಬೇಡ್ವಾ?” ಎಂದು ಔಕೆ ಆಸೆಯಿಂದ ಕೇಳಿದ.

“ಬೇಕೇ ಬೇಕು. ಮುಕ್ಕಿಲ್ಲದವು ಕೆಲವು ಇನ್ನೂ ಎಲ್ಲೋ ಮಲಗಿರ್ತವೆ. ಮಾತ್ರೆ ನಿಲ್ಲಿಸಿದ ಮೇಲೆ ಏಳೋದು ಅವೇ.”

ರೆಲ್ವಿ ಕೆಪ್ಸಿಯ ಎರಡೂ ಕೈ ಹಿಡಿದುಕೊಂಡಳು. “ನಾನು ನಿಮ್ಮ ಮಾತು ನಂಬ್ಲಿಲ್ಲ ಅಮ್ಮ. ತಪ್ಪಾಯ್ತು.”

“ನಂಬೋದು ಹೇಗೆ ಅಂತ ನಾನು ನಿಂಗೆ ಕಲಿಸಿರ್ಲಿಲ್ಲ, ಬಿಡು,” ಎಂದಳು ಕೆಪ್ಸಿ. ಬಾಯಿಂದ ಮಾತು ಹೊರಬಿದ್ದ ಮೇಲೆ ಅವಳಿಗೇ ಅದು ಚುರುಕ್ಕೆಂದಿತು. ತೊಂಬತ್ತು ಎಂಬ ಚೀಟಿ ಹಿಡಿದುಕೊಂಡು, ಸತ್ತ ಹೆಂಡತಿಯ ಹೆಸರು ಹೇಳಿ, ಜಗಲಿ ಇಳಿದು ಹೋದ ಮನುಷ್ಯ ಪಕ್ಕದಲ್ಲೇ ನಿಂತಿದ್ದ.

“ಡಾಕ್ಟ್ರೇ, ಒಂದೇ ಒಂದು ಸಲ ತೊಂಬತ್ತು ಬಂದು, ಆಮೇಲೆ ತಾನಾಗೇ ಹೋಗೋದೂ ಉಂಟಾ? ಮಾತ್ರೆ ತಪ್ಪಿಸದೇನೇ?”

“ಎಷ್ಟೋ ಜನಕ್ಕೆ ಆಗುತ್ತೆ.”

ಕೆಪ್ಸಿ ಔಕೆಯ ಕಡೆ ತಿರುಗಿದಳು. “ಅಣ್ಣ, ಆ ಸಲ ನೀನು ನಿಜವಾಗ್ಲೂ ನುಂಗಿದ್ದೆಯಾ?”

ಔಕೆ ಗೋಡೆಯ ಕಡೆ ನೋಡಿದ. “ನುಂಗಿದ್ದೆ. ಅವಳ ಹೆಸರು ಹೇಳಿ ನಾನು ಸುಳ್ಳು ಹೇಳ್ತೀನಾ?”

ಕೆಪ್ಸಿ ಅವನ ರಟ್ಟೆ ಹಿಡಿದು ಹೊರಗೆ ಕರೆದುಕೊಂಡು ಬಂದಳು. ಜಗಲಿಯಲ್ಲಿ ಅವತ್ತು ಮೂವತ್ತು ಜನರ ಸಾಲು. ಅವಳು ತನ್ನ ಬೆಂಚಿನ ಮುಂದೆ ನಿಂತು, ಹದಿನೆಂಟು ವರ್ಷ ಜನರನ್ನು ಗದರಿಸಿದ ಅದೇ ದೊಡ್ಡ ದನಿಯಲ್ಲಿ ಹೇಳಿದಳು:

“ಎಲ್ಲರೂ ಕೇಳ್ರಿ. ಎರಡು ವರ್ಷದ ಹಿಂದೆ ಇಲ್ಲೇ, ನಿಮ್ಮೆಲ್ಲರ ಎದುರಿಗೆ, ಔಕೆ ಅಣ್ಣನ್ನ ನಾನು ಸುಳ್ಳುಗಾರ ಅಂದಿದ್ದೆ. ಅವನು ಸುಳ್ಳು ಹೇಳಿರ್ಲಿಲ್ಲ. ತಪ್ಪು ನಂದು. ಅಣ್ಣ, ನನ್ನ ಕ್ಷಮಿಸ್ಬಿಡು.”

ಸಾಲಿನವರ ತಲೆಗಳೆಲ್ಲ ಬೆಂಚಿನ ಕಡೆ ತಿರುಗಿದವು. ಒಂದು ಮಗು ಕೂಡ ಅಳು ನಿಲ್ಲಿಸಿ ನೋಡಿತು. ಔಕೆ ಬಾಯಲ್ಲಿದ್ದ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸರಿಸಿದ, ಕಣ್ಣು ಉಜ್ಜಿಕೊಂಡ. ಬೆಂಚನ್ನು ತನ್ನ ಅಂಗಿಯ ತುದಿಯಿಂದ ಒಮ್ಮೆ ಒರೆಸಿ, ಅವಳಿಗೆ ಕೂರಲು ಕೈ ತೋರಿಸಿದ. ಅವಳು ಕೂತ ಮೇಲೆ ತಾನೂ ಪಕ್ಕದಲ್ಲಿ ಕೂತು, ಅವಳ ಕಿವಿಯ ಹತ್ತಿರ ಬಗ್ಗಿದ.

“ತಂಗಿ,” ಎಂದ ಮೆಲ್ಲಗೆ, “ಹಂದಿ ವಿಷಯ ಮಾತ್ರ ನಿಜ.”